ಕ್ರೈಸ್ತ ದೇವತಾಶಾಸ್ತ್ರದಲ್ಲಿ ಉನ್ನತ ಪದವಿ: ಏನನ್ನು, ಎಲ್ಲಿ, ಹೇಗೆ ಓದಬೇಕು

ಬಿ.ಎ., ಬಿ.ಕಾಂ. ಅಥವಾ ಎಂಜಿನಿಯರಿಂಗ್ ಮುಗಿಸಿ ದೇವತಾಶಾಸ್ತ್ರ ಓದಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಕಾಲೇಜುಗಳ ಪ್ರಾಸ್ಪೆಕ್ಟಸ್ ತರಿಸಿಕೊಳ್ಳುವುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಓದಿ ಬಂದ ಮೇಲೆ ನಿಮ್ಮನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಅವರು ಯಾವ ಪದವಿಯನ್ನು ಒಪ್ಪುತ್ತಾರೆ ಎಂಬುದನ್ನು ಮೊದಲು ತಿಳಿದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಕಾಲೇಜಿನ ಹೆಸರು ತಾನಾಗಿ ಸಿಗುತ್ತದೆ. ಈ ಮಾರ್ಗದರ್ಶಿಯನ್ನು ಅದೇ ಕ್ರಮದಲ್ಲಿ ಬರೆಯಲಾಗಿದೆ. ಕರ್ನಾಟಕದಲ್ಲಿರುವ ಪದವೀಧರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಇದರ ಬಹುಭಾಗ ಭಾರತದ ಬೇರೆ ಕಡೆ ಇರುವವರಿಗೂ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಮಾಡಬೇಕೆಂದಿರುವ ಕೆಲಸವನ್ನು ಗೊತ್ತುಮಾಡಿಕೊಳ್ಳಿ

ದೇವರ ಕರೆ ಇದೆ ಎಂಬ ಮಾತು ಅರ್ಜಿಗೆ ಸಾಕಾಗಬಹುದು, ಪದವಿಯನ್ನು ಆರಿಸುವುದಕ್ಕೆ ಸಾಕಾಗದು. ದೀಕ್ಷೆ, ಅಂದರೆ ಧರ್ಮಸೇವೆಯ ಅಧಿಕಾರ, ಪಡೆದು ಸಭಾಪಾಲಕರಾಗಿಯೋ (ಪಾಸ್ಟರ್) ಧರ್ಮಗುರುಗಳಾಗಿಯೋ ಸೇವೆ ಮಾಡುವುದು ಒಂದು ದಾರಿ. ಸೆಮಿನರಿಯಲ್ಲಿ, ಅಂದರೆ ಅಂಥವರನ್ನು ತಯಾರಿಸುವ ಕಾಲೇಜಿನಲ್ಲಿ, ಪಾಠ ಹೇಳುವುದು ಇನ್ನೊಂದು. ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮವನ್ನು ಸಂಶೋಧನೆಯ ವಿಷಯವಾಗಿ ಅಭ್ಯಾಸ ಮಾಡುವುದು ಮೂರನೆಯದು. ಇದಕ್ಕೆ ದೀಕ್ಷೆಯಾಗಲಿ, ಸಭೆಯ (ಚರ್ಚಿನ) ಸದಸ್ಯತ್ವವಾಗಲಿ ಬೇಕಿಲ್ಲ. ಆಸ್ಪತ್ರೆಯಲ್ಲಿ ಚಾಪ್ಲೇನ್ ಆಗಿ (ರೋಗಿಗಳ ಆತ್ಮಿಕ ಆರೈಕೆ ಮಾಡುವವರಾಗಿ), ಆಪ್ತಸಮಾಲೋಚಕರಾಗಿ, ಶಾಲೆಯಲ್ಲಿ ಅಥವಾ ಸೇವಾಸಂಸ್ಥೆಯಲ್ಲಿ ದುಡಿಯುವ ಸಾಮಾನ್ಯ ವಿಶ್ವಾಸಿಗಳ ದಾರಿಯೂ ಇದೆ. ಹೊರಗಿನಿಂದ ನೋಡಿದರೆ ಈ ನಾಲ್ಕೂ ಒಂದೇ ಓದಿನಂತೆ ಕಂಡರೂ ಪದವಿಗಳು ಬೇರೆ, ಖರ್ಚು ಬೇರೆ, ತಗಲುವ ವರ್ಷಗಳೂ ಬೇರೆ. ಇಬ್ಬರು ಒಂದೇ ತರಗತಿಯಲ್ಲಿ ಕೂತು ಒಂದೇ ಪಾಠ ಕೇಳಿ, ಒಬ್ಬರಿಗೆ ಆ ಪದವಿ ಕೈಹಿಡಿದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದೆ ಹೋಗುವುದು ಈ ವ್ಯತ್ಯಾಸದಿಂದಲೇ.

ಎರಡನೆಯ ಹೆಜ್ಜೆ: ನಿಮ್ಮ ಸಭೆಯ ಬಾಗಿಲು ತಟ್ಟಿ

ದೀಕ್ಷೆಯ ಗುರಿ ಇದ್ದವರು ಕಾಲೇಜಿಗಿಂತ ಮೊದಲು ತಮ್ಮ ಸಭೆಯೊಡನೆ ಮಾತನಾಡಲೇಬೇಕು. ದೀಕ್ಷೆ ಕೊಡುವುದು ಸಭೆ. ಕಾಲೇಜು ಕೊಡುವುದು ಪ್ರಮಾಣಪತ್ರ ಮಾತ್ರ.

1947ರ ಸೆಪ್ಟೆಂಬರ್ 27ರಂದು ಸ್ಥಾಪನೆಯಾದ ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ, ಕರ್ನಾಟಕದಲ್ಲಿ ಉತ್ತರ, ಮಧ್ಯ ಮತ್ತು ದಕ್ಷಿಣ ಎಂದು ಮೂರು ಸಭಾಪ್ರಾಂತ್ಯಗಳಿವೆ; ಸಭಾಪ್ರಾಂತ್ಯ ಎಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶ. ಅಭ್ಯರ್ಥಿಯು ಮೊದಲು ತನ್ನ ಸ್ಥಳೀಯ ಸಭೆಯ ಒಪ್ಪಿಗೆ ಪಡೆದು, ಸಭಾಪಾಲಕರ ಶಿಫಾರಸಿನೊಡನೆ ಸಭಾಪ್ರಾಂತ್ಯದ ಆಯ್ಕೆ ಸಮಿತಿಯ ಮುಂದೆ ಹಾಜರಾಗಬೇಕು. ಆಯ್ಕೆಯಾದವರನ್ನು ಸಭಾಪ್ರಾಂತ್ಯವೇ ಪ್ರಾಯೋಜಿತ ಅಭ್ಯರ್ಥಿಯಾಗಿ ಕಾಲೇಜಿಗೆ ಕಳುಹಿಸುತ್ತದೆ. ಸ್ವಂತ ಖರ್ಚಿನಲ್ಲಿ ಓದಿ ಬಂದು ಆಮೇಲೆ ದೀಕ್ಷೆ ಕೇಳುತ್ತೇನೆ ಎಂದುಕೊಳ್ಳುವವರು, ಅದಕ್ಕೆ ಅವಕಾಶ ಉಂಟೇ ಎಂದು ಬಿಷಪ್ಪರ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಪದವಿ ಕೈಯಲ್ಲಿದ್ದೂ ನೇಮಕವಿಲ್ಲದೆ ಕಾಯುವ ಪರಿಸ್ಥಿತಿ ಅಪರೂಪವೇನಲ್ಲ. ಸಿ.ಎಸ್.ಐ. 1976ರಿಂದ ಮಹಿಳೆಯರಿಗೂ ದೀಕ್ಷೆ ಕೊಡುತ್ತ ಬಂದಿದೆ, 2013ರಲ್ಲಿ ಇ. ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಅದರ ಮೊದಲ ಮಹಿಳಾ ಬಿಷಪ್ ಆದರು. ಆದ್ದರಿಂದ ಹೆಣ್ಣುಮಕ್ಕಳಿಗೆ ಈ ಓದು ಸಂಡೇ ಸ್ಕೂಲ್ ಮಟ್ಟಕ್ಕೆ ಸಾಕು ಎನ್ನುವ ಹಿರಿಯರ ಮಾತಿಗೆ ಕಿವಿಗೊಡಬೇಕಾಗಿಲ್ಲ. ಬೀದರ್, ಕೋಲಾರದ ಕಡೆ ಬಲವಾಗಿರುವ ಮೆಥೋಡಿಸ್ಟ್ ಸಭೆಯಲ್ಲಿ ಅಭ್ಯರ್ಥಿಗಳ ಆಯ್ಕೆಯ ನಿರ್ಣಯ ಪ್ರಾದೇಶಿಕ ಕಾನ್ಫರೆನ್ಸಿನ ಮೂಲಕ ಆಗುತ್ತದೆ.

ಕಥೋಲಿಕರಲ್ಲಿ ಕ್ರಮವೇ ಬೇರೆ. ಅಲ್ಲಿ ಅಭ್ಯರ್ಥಿಯು ಧರ್ಮಕ್ಷೇತ್ರವನ್ನೋ (ಬಿಷಪ್ಪರ ಆಡಳಿತ ಪ್ರದೇಶ) ಒಂದು ಧಾರ್ಮಿಕ ಸಭೆಯನ್ನೋ (ಸನ್ಯಾಸಿಗಳ ಸಂಘ) ಮೊದಲು ಸೇರುತ್ತಾನೆ. ಎಲ್ಲಿ ಓದಬೇಕೆಂಬುದನ್ನು ಬಿಷಪ್ಪರು ಅಥವಾ ಸಭೆಯ ಮುಖ್ಯಸ್ಥರು ತೀರ್ಮಾನಿಸುತ್ತಾರೆ. ಧರ್ಮಸಭೆಯ ಕಾನೂನಿನ ಪ್ರಕಾರ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ (ದೇವತಾಶಾಸ್ತ್ರಕ್ಕೆ ಕಥೋಲಿಕರು ಬಳಸುವ ಹೆಸರು) ಅಭ್ಯಾಸಕ್ಕೆ ಒಟ್ಟು ಆರು ಪೂರ್ಣ ವರ್ಷಗಳು ಮೀಸಲು: ಎರಡು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ. ಇದರ ಜೊತೆಗೆ ಆರಂಭದ ತರಬೇತಿ ಮತ್ತು ನಡುವಿನ ಸೇವಾವಧಿಯನ್ನು ಸೇರಿಸಿದರೆ ಗುರುಮಠದ, ಅಂದರೆ ಕಥೋಲಿಕ ಸೆಮಿನರಿಯ, ದಾರಿ ಇನ್ನೂ ದೀರ್ಘವಾಗುತ್ತದೆ.

ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಸಭೆಗಳಲ್ಲಿ ನಿಯಮಗಳು ಸಭೆಯಿಂದ ಸಭೆಗೆ ಬದಲಾಗುತ್ತವೆ. ಅಲ್ಲಿ ಪದವಿಗಿಂತ ಸೇವೆಯ ಅನುಭವಕ್ಕೆ ಹೆಚ್ಚಿನ ಬೆಲೆ ಇರುವುದರಿಂದ, ಸೇವೆಯಲ್ಲಿದ್ದುಕೊಂಡೇ ಓದುವ ಕೋರ್ಸ್‌ಗಳು ಅವರಿಗೆ ಹೆಚ್ಚು ಹೊಂದುತ್ತವೆ.

ಮೂರನೆಯ ಹೆಜ್ಜೆ: ಮಾನ್ಯತೆಯನ್ನು ಬಿಡಿಸಿ ನೋಡಿ

ಇಡೀ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಪ್ರಾಸ್ಪೆಕ್ಟಸ್‌ನಲ್ಲಿ "ಮಾನ್ಯತೆ ಪಡೆದ ಪದವಿ" ಎಂದು ಅಚ್ಚಾಗಿದ್ದರೆ, ಯಾರಿಂದ ಮಾನ್ಯತೆ, ಯಾವ ಉದ್ದೇಶಕ್ಕೆ ಮಾನ್ಯತೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಮುಂದೆ ಹೋಗಬೇಡಿ.

ಭಾರತದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದಿರುವುದು ಸೆರಾಂಪುರದ ಪದವಿ. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಈ ಮೂವರು 1818ರಲ್ಲಿ ಹೂಗ್ಲಿ ನದಿಯ ದಡದಲ್ಲಿ, ಆಗ ಡೆನ್ಮಾರ್ಕಿನ ಆಡಳಿತದಲ್ಲಿದ್ದ ಊರಿನಲ್ಲಿ, ಆ ಕಾಲೇಜನ್ನು ಕಟ್ಟಿದರು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಅದಕ್ಕೆ ಪದವಿ ಕೊಡುವ ಅಧಿಕಾರದ ಸನ್ನದು ನೀಡಿದ. 1918ರಲ್ಲಿ ಬಂಗಾಳದ ಶಾಸನಸಭೆ ಸೆರಾಂಪುರ ಕಾಲೇಜು ಕಾಯಿದೆಯನ್ನು ಮಾಡಿತು. ಇಂದು ದೇಶದ ಅನೇಕ ಕಾಲೇಜುಗಳು, ಪದವಿ ಕೊಡುವ ಮಂಡಳಿಯಾದ ಸೆರಾಂಪುರ ಸೆನೆಟ್‌ನ ಸಂಯೋಜನೆಗೆ ಒಳಪಟ್ಟಿವೆ. ಪಠ್ಯಕ್ರಮ ಮತ್ತು ಪದವಿ ಸೆನೆಟ್‌ನದು, ಪಾಠ ಮಾತ್ರ ಆಯಾ ಕಾಲೇಜಿನದು. ಆದ್ದರಿಂದ ಮಂಗಳೂರಿನಲ್ಲಿ ಓದಿದ ಬಿ.ಡಿ.ಯೂ (ಬ್ಯಾಚುಲರ್ ಆಫ್ ಡಿವಿನಿಟಿ) ಕೊಲ್ಕತ್ತಾದ ಬಿಷಪ್ಸ್ ಕಾಲೇಜಿನಲ್ಲಿ ಓದಿದ ಬಿ.ಡಿ.ಯೂ ಕಾಗದದ ಮೇಲೆ ಒಂದೇ.

ಎರಡನೆಯದು ರೋಮಿನ ಅಧಿಕಾರದಿಂದ ಬರುವ ಕಥೋಲಿಕ ಪದವಿಗಳು. ಪೋಪ್ ಫ್ರಾನ್ಸಿಸ್ 2017ರಲ್ಲಿ ಪರಿಷ್ಕರಿಸಿದ ನಿಯಮಾವಳಿಯಂತೆ ಇವುಗಳಿಗೆ ಮೂರು ಹಂತಗಳಿವೆ: ಬ್ಯಾಕಲೊರಿಯೇಟ್, ಲೈಸೆನ್ಶಿಯೇಟ್, ಡಾಕ್ಟರೇಟ್. ಗುರುಮಠದಲ್ಲಿ ಬೋಧಿಸುವವರಿಗೆ ಸಾಮಾನ್ಯವಾಗಿ ಕನಿಷ್ಠ ಎರಡನೆಯ ಹಂತವನ್ನು ನಿರೀಕ್ಷಿಸುತ್ತಾರೆ.

ಮೂರನೆಯದು 1970ರಲ್ಲಿ ಆರಂಭವಾದ ಏಷ್ಯಾ ಥಿಯೋಲಾಜಿಕಲ್ ಅಸೋಸಿಯೇಷನ್, ಎಂದರೆ ಎ.ಟಿ.ಎ. ಇವ್ಯಾಂಜೆಲಿಕಲ್, ಅಂದರೆ ಬೈಬಲ್ಲಿನ ಅಧಿಕಾರಕ್ಕೂ ಸುವಾರ್ತೆಗೂ ಒತ್ತುಕೊಡುವ ಪ್ರೊಟೆಸ್ಟೆಂಟ್ ಪಂಥದ, ಕಾಲೇಜುಗಳ ಬೋಧನೆಯ ಗುಣಮಟ್ಟವನ್ನು ಇದು ಪರಿಶೀಲಿಸಿ ಒಪ್ಪುತ್ತದೆ. ಸಭೆಗಳಲ್ಲಿಯೂ ಹೊರದೇಶದ ಹಲವು ಸೆಮಿನರಿಗಳಲ್ಲಿಯೂ ಇದಕ್ಕೆ ಗೌರವವಿದೆ. ಆದರೆ ಇದು ಸರಕಾರದ ಮಾನ್ಯತೆ ಅಲ್ಲ.

ನಾಲ್ಕನೆಯದು ಸರಕಾರಿ ವಿಶ್ವವಿದ್ಯಾನಿಲಯಗಳ ಪದವಿ. 1956ರ ಯು.ಜಿ.ಸಿ. ಕಾಯಿದೆಯ 22ನೆಯ ಸೆಕ್ಷನ್ ಪ್ರಕಾರ, ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ಡೀಮ್ಡ್ ವಿಶ್ವವಿದ್ಯಾನಿಲಯಗಳು ಮತ್ತು ಸಂಸತ್ತಿನ ಕಾಯಿದೆಯಿಂದ ವಿಶೇಷ ಅಧಿಕಾರ ಪಡೆದ ಸಂಸ್ಥೆಗಳು ಮಾತ್ರ ಪದವಿ ಕೊಡಬಹುದು. ಸರಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಉಪನ್ಯಾಸಕರಾಗುವ ಆಸೆ ಇದ್ದವರಿಗೆ ಈ ಸಾಲು ನಿರ್ಣಾಯಕ. ಅಂಥವರಿಗೆ ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಎಂ.ಎ., ಮದ್ರಾಸ್ ವಿಶ್ವವಿದ್ಯಾನಿಲಯದ ಕ್ರೈಸ್ತ ಅಧ್ಯಯನ ವಿಭಾಗದ ಪದವಿಗಳು ಸೂಕ್ತ. ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ಪ್ರತ್ಯೇಕ ವಿಷಯವೇ ಇದೆ. ಮೈಸೂರಿನ ವಿಭಾಗವನ್ನು ಕಟ್ಟಿದವರು ಫಾದರ್ ಡಿ. ಎಸ್. ಅಮಲೋರ್ಪವದಾಸ್; ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧೆ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿ ನಡೆಸಿದ ಅವರೇ ಮೈಸೂರಿನ ಅಂಜಲಿ ಆಶ್ರಮವನ್ನೂ ಆರಂಭಿಸಿದರು. ಈ ಎಂ.ಎ. ಒಂದರಿಂದಲೇ ಯಾರಿಗೂ ದೀಕ್ಷೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಯಾವ ಸಾಲಿಗೂ ಸೇರದೆ, ಬಾಡಿಗೆ ಮಹಡಿಯ ಮೇಲೆ ಬೋರ್ಡು ಹಾಕಿಕೊಂಡು ಕೆಲವೇ ತಿಂಗಳಲ್ಲಿ ಡಾಕ್ಟರೇಟ್ ಹಂಚುವ ಸಂಸ್ಥೆಗಳೂ ಇವೆ. ಗ್ರಂಥಾಲಯವನ್ನು ತೋರಿಸಿ ಎಂದು ಕೇಳಿದರೆ ಅವುಗಳ ಬಂಡವಾಳ ಹೊರಬೀಳುತ್ತದೆ.

ನಾಲ್ಕನೆಯ ಹೆಜ್ಜೆ: ಪದವಿಗಳ ಶ್ರೇಣಿಯನ್ನು ಅರಿಯಿರಿ

ಬಿ.ಡಿ. ಎಂಬ ಹೆಸರು ಕೇಳಿದರೆ ಇನ್ನೊಂದು ಬ್ಯಾಚುಲರ್ ಪದವಿ ಎನಿಸುತ್ತದೆ. ವಾಸ್ತವದಲ್ಲಿ ಅದು ಪದವೀಧರರಿಗಾಗಿ ಇರುವ, ಸಾಮಾನ್ಯವಾಗಿ ನಾಲ್ಕು ವರ್ಷಗಳ ವೃತ್ತಿಪರ ಪದವಿ, ಅಮೆರಿಕದ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಪದವಿಯೊಡನೆ ಇದನ್ನು ಹೋಲಿಸುವುದು ವಾಡಿಕೆ. ಬಿ.ಟಿಎಚ್. (ಬ್ಯಾಚುಲರ್ ಆಫ್ ಥಿಯಾಲಜಿ) ಮುಗಿಸಿದವರಿಗೆ ಅವಧಿ ಕಡಿಮೆಯಾಗುತ್ತದೆ. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಕ್ರೈಸ್ತ ದೇವತಾಶಾಸ್ತ್ರ, ಸಭಾಚರಿತ್ರೆ, ಧರ್ಮಗಳ ಅಧ್ಯಯನ, ನೀತಿಶಾಸ್ತ್ರ, ಪ್ರಸಂಗಕಲೆ, ಪಾಲನಾಸೇವೆ ಇವೆಲ್ಲ ಪಠ್ಯದಲ್ಲಿವೆ. ಗ್ರೀಕ್ ಮತ್ತು ಹೀಬ್ರೂ ಭಾಷೆಗಳು ಹೊಸಬರಿಗೆ ಹೆಚ್ಚು ಬೆವರಿಳಿಸುತ್ತವೆ. ಹೀಬ್ರೂವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ; ಸ್ವರಗಳು ಅಕ್ಷರದ ಕೆಳಗೆ, ಮೇಲೆ ಚುಕ್ಕೆ ಗೆರೆಗಳಾಗಿ ಬರುತ್ತವೆ. ಮೊದಲ ವಾರಗಳಲ್ಲಿ ವಿದ್ಯಾರ್ಥಿಯ ಕಣ್ಣು ಪುಟದ ತಪ್ಪು ತುದಿಯಿಂದಲೇ ಓದಲು ಹೊರಡುತ್ತದೆ. ಕಾಗುಣಿತ ಬರೆದು ಬೆಳೆದ ಕನ್ನಡಿಗನಿಗೆ ವ್ಯಂಜನಕ್ಕೆ ಸ್ವರಚಿಹ್ನೆ ಅಂಟುವುದು ಹೊಸದಲ್ಲವಾದ್ದರಿಂದ, ಅಷ್ಟರಮಟ್ಟಿಗೆ ನಮ್ಮವರಿಗೆ ಅದು ಸುಲಭವೇ.

ತರಗತಿಯಷ್ಟೇ ಭಾರವಾದದ್ದು ವಾರಾಂತ್ಯದ ಸೇವೆ. ಶುಕ್ರವಾರದವರೆಗೆ ಇಂಗ್ಲಿಷಿನಲ್ಲಿ ಪಾಠ ಕೇಳಿ, ಗ್ರಂಥಾಲಯದಲ್ಲಿ ಇಂಗ್ಲಿಷಿನಲ್ಲೇ ಪ್ರಬಂಧ ಬರೆದ ವಿದ್ಯಾರ್ಥಿ ಭಾನುವಾರ ಬೆಳಿಗ್ಗೆ ಒಂದು ಕನ್ನಡ ಸಭೆಯ ಮುಂದೆ ನಿಲ್ಲಬೇಕಾಗುತ್ತದೆ. ಮುಂದಿನ ಸಾಲಿನಲ್ಲಿ ಕಾಫಿ ತೋಟದಿಂದ ಬಂದ ಹಿರಿಯರು, ಹಿಂದೆ ಗಾರ್ಮೆಂಟ್ಸ್ ಪಾಳಿ ಮುಗಿಸಿ ಬಂದ ಹೆಂಗಸರು. ವಾರವಿಡೀ ಓದಿದ ವ್ಯಾಖ್ಯಾನದ ಒಂದು ಪರಿಭಾಷೆಯೂ ಅಲ್ಲಿ ನಡೆಯುವುದಿಲ್ಲ. ಈ ವಾರದ ಸಂಕಟವೇ ಬಿ.ಡಿ.ಯ ನಿಜವಾದ ಶಿಕ್ಷಣ ಎಂದು ನಾನು ತಿಳಿದಿದ್ದೇನೆ. ಕಾಲೇಜನ್ನು ಆರಿಸುವಾಗ ವಾರಾಂತ್ಯದಲ್ಲಿ ವಿದ್ಯಾರ್ಥಿಗಳನ್ನು ಎಂಥ ಸಭೆಗಳಿಗೆ, ಯಾವ ಭಾಷೆಯ ಸಭೆಗಳಿಗೆ ಕಳುಹಿಸುತ್ತಾರೆ ಎಂದು ಕೇಳಿ ತಿಳಿಯುವುದು ಹಾಸ್ಟೆಲಿನ ಬಗ್ಗೆ ಕೇಳುವುದಕ್ಕಿಂತ ಮುಖ್ಯ.

ಎಂ.ಟಿಎಚ್. (ಮಾಸ್ಟರ್ ಆಫ್ ಥಿಯಾಲಜಿ) ಎರಡು ವರ್ಷಗಳದು, ಒಂದೇ ವಿಷಯದ ಆಳವಾದ ಅಭ್ಯಾಸ. ಹಳೆ ಒಡಂಬಡಿಕೆ ತೆಗೆದುಕೊಳ್ಳುವವರಿಗೆ ಹೀಬ್ರೂ, ಹೊಸ ಒಡಂಬಡಿಕೆಗೆ ಗ್ರೀಕ್ ಗಟ್ಟಿಯಾಗಿರಬೇಕು. ಸಭಾಪಾಲನೆಯಲ್ಲೇ ಇರಲು ಬಯಸುವವರಿಗೆ ಆಪ್ತಸಮಾಲೋಚನೆಯ ವಿಭಾಗ ಹೆಚ್ಚು ಉಪಯುಕ್ತ. ಬಿ.ಡಿ. ಮುಗಿದ ತಕ್ಷಣ ಎಂ.ಟಿಎಚ್.ಗೆ ಹಾರುವುದಕ್ಕಿಂತ ಕೆಲವು ವರ್ಷ ಸಭೆಯಲ್ಲಿ ಇದ್ದು ಬಂದವರ ಪ್ರಬಂಧಗಳಲ್ಲಿ ತೂಕ ಹೆಚ್ಚು. ಅದಾದ ಮೇಲೆ ಡಿ.ಟಿಎಚ್. (ಡಾಕ್ಟರ್ ಆಫ್ ಥಿಯಾಲಜಿ) ಅಥವಾ ಪಿಎಚ್.ಡಿ.; ಇವು ಬೋಧಕರಾಗುವವರಿಗೆ. ಸೇವೆಯಲ್ಲಿ ನುರಿತವರು ತಮ್ಮ ಸೇವೆಯನ್ನೇ ಪರಾಮರ್ಶಿಸುವ ಡಾಕ್ಟರೇಟ್ ಡಿ.ಮಿನ್. (ಡಾಕ್ಟರ್ ಆಫ್ ಮಿನಿಸ್ಟ್ರಿ).

ದೇವತಾಶಾಸ್ತ್ರದ ಹಿನ್ನೆಲೆ ಇಲ್ಲದೆ, ದೀಕ್ಷೆಯ ಉದ್ದೇಶವೂ ಇಲ್ಲದೆ, ಎರಡು ವರ್ಷದಲ್ಲಿ ವಿಷಯದ ಪರಿಚಯ ಬೇಕೆನ್ನುವವರಿಗೆ ಎಂ.ಎ. ಸಾಕು. ಕೆಲಸ ಬಿಡಲಾಗದವರಿಗೆ 1971ರಲ್ಲಿ ಆರಂಭವಾದ, ಬೆಂಗಳೂರಿನ ಟಾಫ್ಟೀ ಸಂಸ್ಥೆಯ ವಿಸ್ತರಣಾ ಶಿಕ್ಷಣ, ಅಂದರೆ ಇದ್ದಲ್ಲಿಂದಲೇ ಓದುವ ವ್ಯವಸ್ಥೆ, ಇದೆ. ಸೆರಾಂಪುರ ಸೆನೆಟ್ ಕೂಡ ಸೆಪ್ಟರ್ ಎಂಬ ತನ್ನ ಕೇಂದ್ರದ ಮೂಲಕ ಬಾಹ್ಯ ವಿದ್ಯಾರ್ಥಿಗಳಿಗೆ ಕೋರ್ಸ್‌ಗಳನ್ನು ನಡೆಸುತ್ತದೆ. ಇವುಗಳ ಆಧಾರದ ಮೇಲೆ ದೀಕ್ಷೆ ನಿರೀಕ್ಷಿಸಬೇಡಿ.

ಐದನೆಯ ಹೆಜ್ಜೆ: ಕಾಲೇಜನ್ನು ಆರಿಸಿ

ಕನ್ನಡ ಸಭೆಗಳಲ್ಲಿ ಸೇವೆ ಮಾಡುವ ಉದ್ದೇಶವಿದ್ದವರು ಮೊದಲು ನೋಡಬೇಕಾದದ್ದು ಮಂಗಳೂರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು, ಎಲ್ಲರ ಬಾಯಲ್ಲಿ ಕೆ.ಟಿ.ಸಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ನಡೆಸಿದ ಶಿಕ್ಷಣಕಾರ್ಯದ ಮುಂದುವರಿಕೆಯಾಗಿ, 1965ರಲ್ಲಿ ಈಗಿನ ರೂಪ ಪಡೆದ ಈ ಕಾಲೇಜು ಸೆರಾಂಪುರದ ಸಂಯೋಜನೆಗೆ ಒಳಪಟ್ಟಿದೆ. ಇದರ ಪತ್ರಾಗಾರ ದೇವತಾಶಾಸ್ತ್ರದವರಿಗೆ ಮಾತ್ರವಲ್ಲ, ಕನ್ನಡ ಮುದ್ರಣದ ಚರಿತ್ರೆ ಓದುವವರಿಗೂ ಬೇಕಾದದ್ದು: ಮಿಷನ್ನಿನ ವಾರ್ಷಿಕ ವರದಿಗಳು, ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಹಳೆಯ ಪುಸ್ತಕಗಳು, ತಾಳೆಗರಿಗಳು ಅಲ್ಲಿವೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದು, ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಊರಿನಲ್ಲಿ. ಸಭಾಚರಿತ್ರೆಯಲ್ಲಿ ಸಂಶೋಧನೆ ಮಾಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ಮಿಷನರಿಗಳ ಮೂಲ ಪತ್ರಗಳ ದೊಡ್ಡ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ, ಅವು ಜರ್ಮನ್ ಭಾಷೆಯ ಹಳೆಯ ಕೈಬರಹದಲ್ಲಿವೆ, ಆಧುನಿಕ ಜರ್ಮನ್ ಬಲ್ಲವರೂ ಆ ಬರಹವನ್ನು ಪ್ರತ್ಯೇಕವಾಗಿ ಕಲಿಯಬೇಕು. ಆ ಸಿದ್ಧತೆ ಎಂ.ಟಿಎಚ್. ಹಂತದಲ್ಲೇ ಆರಂಭವಾದರೆ ಒಳ್ಳೆಯದು.

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು, ಅಂದರೆ ಯು.ಟಿ.ಸಿ., 1910ರಲ್ಲಿ ಆರಂಭವಾಯಿತು. ಬಿ.ಡಿ.ಯಿಂದ ಡಾಕ್ಟರೇಟ್‌ವರೆಗೆ ಓದುವ ಅವಕಾಶ, ಒಳ್ಳೆಯ ಗ್ರಂಥಾಲಯ, ದೇಶದ ನಾನಾ ಸಭೆಗಳ ವಿದ್ಯಾರ್ಥಿಗಳ ಒಡನಾಟ ಇಲ್ಲಿನ ಬಲ. ಬೋಧನೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ವರ್ಷ ಕಷ್ಟವೆನಿಸುವುದು ಸಹಜ. ಆ ಕಾರಣಕ್ಕೆ ಹಿಂಜರಿಯಬೇಕಿಲ್ಲ, ಆದರೆ ಪ್ರವೇಶಕ್ಕೆ ಮುಂಚಿನ ತಿಂಗಳುಗಳಲ್ಲಿ ಇಂಗ್ಲಿಷ್ ಪ್ರಬಂಧಗಳನ್ನು ಓದಿ ಸಾರಾಂಶ ಬರೆಯುವ ಅಭ್ಯಾಸ ಮಾಡಿಕೊಳ್ಳಬೇಕು. ಕೊತ್ತನೂರಿನ ಸಯಾಕ್ಸ್ 1982ರಿಂದ ಸ್ನಾತಕೋತ್ತರ ಮಟ್ಟದ ಬೋಧನೆಗೆ ಹೆಸರಾದ ಇವ್ಯಾಂಜೆಲಿಕಲ್ ಸಂಸ್ಥೆ.

ಕಥೋಲಿಕರಿಗೆ ಬೆಂಗಳೂರು ದೊಡ್ಡ ಕೇಂದ್ರ. ಹೊಸೂರು ರಸ್ತೆಯ ಬಳಿಯ ಧರ್ಮಾರಾಮ್ ವಿದ್ಯಾಕ್ಷೇತ್ರದಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರ ಹಾಗೂ ಪೌರಸ್ತ್ಯ ಧರ್ಮಸಭಾ ಕಾನೂನಿನ (ಪೂರ್ವದ ಸಂಪ್ರದಾಯದ ಕಥೋಲಿಕ ಸಭೆಗಳ ಕಾನೂನು) ಪದವಿಗಳಿವೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ ಜೊತೆಗಿರುವ ಪಾಂಟಿಫಿಕಲ್ ಸಂಸ್ಥೆಯಲ್ಲಿ ದೈವಶಾಸ್ತ್ರ ಮತ್ತು ಧರ್ಮಸಭಾ ಕಾನೂನು. ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಗುರುಮಠ 1879ರಿಂದ ಇದೆ. ರಾಜ್ಯದ ಹೊರಗೆ ಜೆಸ್ವಿತರು, ಅಂದರೆ ಯೇಸುಸಭೆಯ ಗುರುಗಳು, ನಡೆಸುವ ಪುಣೆಯ ಜ್ಞಾನದೀಪ ಮತ್ತು ದೆಹಲಿಯ ವಿದ್ಯಾಜ್ಯೋತಿ ಹೆಸರುವಾಸಿ. ಸನ್ಯಾಸಿನಿಯರೂ ಸಾಮಾನ್ಯ ವಿಶ್ವಾಸಿಗಳೂ ದೈವಶಾಸ್ತ್ರದ ಪದವಿ ಪಡೆಯಲು ಧರ್ಮಸಭೆಯ ಅಡ್ಡಿಯಿಲ್ಲ. ಯಾವ ತರಗತಿಗಳು ಅವರಿಗೆ ತೆರೆದಿವೆ ಎಂದು ಆಯಾ ಸಂಸ್ಥೆಯ ಕುಲಸಚಿವರನ್ನು ಕೇಳಬೇಕು.

ಆರನೆಯ ಹೆಜ್ಜೆ: ಅರ್ಜಿ ಮತ್ತು ಸಂದರ್ಶನ

ನಮ್ಮ ಕಾಲೇಜುಗಳಲ್ಲಿ ತರಗತಿಗಳು ಸಾಮಾನ್ಯವಾಗಿ ಜೂನ್ ಹೊತ್ತಿಗೆ ಆರಂಭವಾಗುವುದರಿಂದ, ಹಿಂದಿನ ವರ್ಷದ ಕೊನೆಯಲ್ಲೇ ಕಾಗದಪತ್ರ ಹೊಂದಿಸಲು ಶುರುಮಾಡಬೇಕು. ಅಂಕಪಟ್ಟಿ, ಪದವಿಪತ್ರ, ದೀಕ್ಷಾಸ್ನಾನದ ಪ್ರಮಾಣಪತ್ರ, ಸಭಾಪಾಲಕರ ಮತ್ತು ಬಿಷಪ್ಪರ ಪತ್ರ, ವೈದ್ಯಕೀಯ ಪ್ರಮಾಣಪತ್ರ ಇವು ಬಹುತೇಕ ಎಲ್ಲ ಕಡೆ ಕೇಳುವಂಥವು. ಇವುಗಳಲ್ಲಿ ತಡವಾಗುವುದು ಬಿಷಪ್ಪರ ಪತ್ರ. ಸಮಿತಿಯ ಸಭೆ ಸೇರುವ ದಿನಾಂಕವನ್ನು ಮೊದಲೇ ವಿಚಾರಿಸಿಕೊಳ್ಳಿ.

ಪ್ರವೇಶ ಪರೀಕ್ಷೆಯಲ್ಲಿ ಸತ್ಯವೇದದ (ಬೈಬಲ್) ತಿಳಿವಳಿಕೆ ಮತ್ತು ಇಂಗ್ಲಿಷನ್ನು ಪರೀಕ್ಷಿಸುವುದು ರೂಢಿ. ಇವೆರಡಕ್ಕಿಂತ ಹೆಚ್ಚು ಅಭ್ಯರ್ಥಿಗಳು ಎಡವುವುದು ಉದ್ದೇಶವನ್ನು ಬರೆಯುವ ಪುಟದಲ್ಲಿ. "ಚಿಕ್ಕಂದಿನಿಂದ ದೇವರ ಸೇವೆ ಮಾಡುವ ಆಸೆ ನನಗಿದೆ, ದೇವರು ನನ್ನನ್ನು ಕರೆದಿದ್ದಾರೆ" ಎಂಬ ವಾಕ್ಯ ಪ್ರತಿ ಅರ್ಜಿಯಲ್ಲೂ ಇರುತ್ತದೆ, ಓದುವವರಿಗೆ ಏನನ್ನೂ ಹೇಳುವುದಿಲ್ಲ. ಅದೇ ಜಾಗದಲ್ಲಿ, "ನಮ್ಮ ಊರಿನ ಸಭೆಯಲ್ಲಿ ಯುವಜನರ ಕೂಟವನ್ನು ನಡೆಸುತ್ತಿದ್ದೇನೆ, ಬೆಂಗಳೂರಿಗೆ ಕೆಲಸಕ್ಕೆ ಹೋದವರು ಮತ್ತೆ ಆರಾಧನೆಗೆ ಬರುತ್ತಿಲ್ಲ, ಅವರು ಕೇಳುವ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲದ್ದರಿಂದ ಓದಲು ಬಂದಿದ್ದೇನೆ" ಎಂದು ಬರೆದ ಅಭ್ಯರ್ಥಿಯನ್ನು ಸಂದರ್ಶನದಲ್ಲಿ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಮಾಡಿರುವ ಕೆಲಸವನ್ನು ಬರೆಯಿರಿ, ಮಾಡದ್ದನ್ನು ಸೇರಿಸಬೇಡಿ. ನಿಮ್ಮ ಸಭಾಪಾಲಕರ ಪತ್ರವೂ ಅದೇ ಮೇಜಿನ ಮೇಲಿರುತ್ತದೆ.

ಏಳನೆಯ ಹೆಜ್ಜೆ: ಹಣದ ಲೆಕ್ಕ

ಸಭಾಪ್ರಾಂತ್ಯ ಪ್ರಾಯೋಜಿಸಿದವರಿಗೆ ಶುಲ್ಕದ ಭಾರ ಕಡಿಮೆ. ಪ್ರಾಯೋಜನೆಯೊಡನೆ ಇಂತಿಷ್ಟು ವರ್ಷ ಅಲ್ಲಿಯೇ ಸೇವೆ ಮಾಡಬೇಕೆಂಬ ಕರಾರು ಇದ್ದರೆ, ಅದನ್ನು ಬರಹದಲ್ಲಿ ಓದಿ ಸಹಿ ಮಾಡಿ. ಮದುವೆಯಾದವರು ಕುಟುಂಬದ ವಸತಿ ಇದೆಯೇ, ಸಂಗಾತಿಗೆ ಆ ಊರಿನಲ್ಲಿ ಕೆಲಸ ಸಿಕ್ಕೀತೇ, ಮಕ್ಕಳ ಶಾಲೆಯ ಖರ್ಚು ಎಷ್ಟು ಎಂಬುದನ್ನು ಸೇರಿಸಿ ನಾಲ್ಕು ವರ್ಷಗಳ ಪೂರ್ತಿ ಅಂದಾಜು ಹಾಕಬೇಕು. ಹಳ್ಳಿಯ ಸಭಾಪಾಲಕರ ಸಂಬಳ ದೊಡ್ಡದಲ್ಲ. ಬ್ಯಾಂಕ್ ಸಾಲ ಮಾಡಿ ಈ ಓದಿಗೆ ಇಳಿಯುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಹೊರದೇಶದಲ್ಲಿ ಓದುವ ಬಗ್ಗೆ

ಮೊದಲ ದೇವತಾಶಾಸ್ತ್ರ ಪದವಿಯನ್ನು ಇಲ್ಲೇ ಓದಿ, ಎರಡನೆಯದಕ್ಕೆ ಹೊರಗೆ ಹೋಗುವುದು ಒಳ್ಳೆಯ ಕ್ರಮ. ಅಮೆರಿಕದಲ್ಲಿ ಸಭಾಪಾಲಕರಾಗುವವರು ಓದುವ ಎಂ.ಡಿವ್. ಸಾಮಾನ್ಯವಾಗಿ ಮೂರು ವರ್ಷಗಳದು. ಸೆಮಿನರಿಗಳ ಸಂಘವಾದ ಎ.ಟಿ.ಎಸ್. ಅದಕ್ಕೆ ಕನಿಷ್ಠ 72 ಸೆಮಿಸ್ಟರ್ ಕ್ರೆಡಿಟ್‌ಗಳನ್ನು ವಿಧಿಸಿದೆ. ಅದು ಅಲ್ಲಿನ ಸಭೆಗಳಿಗೆ ಬೇಕಾದವರನ್ನು ತಯಾರಿಸುತ್ತದೆ. ಅದನ್ನು ಓದಿ ಧಾರವಾಡಕ್ಕೋ ಚಾಮರಾಜನಗರಕ್ಕೋ ಹಿಂದಿರುಗಿದವರು ಇಲ್ಲಿನ ಸಭೆಯ ಆಡಳಿತವನ್ನೂ ಬಹುಧರ್ಮಗಳ ನಡುವಿನ ಬದುಕನ್ನೂ ಮತ್ತೆ ಕಲಿಯಬೇಕಾಗುತ್ತದೆ. ಬಿ.ಡಿ. ಮುಗಿಸಿದವರಿಗೆ ಸಂಶೋಧನೆಯ ಕಡೆಗೆ ಒಯ್ಯುವ ಎಂ.ಟಿಎಚ್. ಅಲ್ಲಿ ಸಾಮಾನ್ಯವಾಗಿ ಒಂದೇ ವರ್ಷದ್ದು. 1812ರಲ್ಲಿ ಸ್ಥಾಪನೆಯಾದ ಪ್ರಿನ್ಸ್‌ಟನ್ ಥಿಯೋಲಾಜಿಕಲ್ ಸೆಮಿನರಿ, ಬ್ರಿಟನ್ನಿನ ಎಡಿನ್‌ಬರೊ, ಡರಂ ವಿಶ್ವವಿದ್ಯಾನಿಲಯಗಳು ಇಂಥ ಅಭ್ಯಾಸಕ್ಕೆ ಹೆಸರಾದವು. ಜರ್ಮನಿಯ ಗಟ್ಟಿಂಗನ್‌ನಲ್ಲಿ ಅಂತರ್‌ಸಾಂಸ್ಕೃತಿಕ ದೇವತಾಶಾಸ್ತ್ರದ ಎಂ.ಎ. ಇಂಗ್ಲಿಷಿನಲ್ಲಿ ನಡೆಯುತ್ತದೆ.

ಪ್ರವೇಶಪತ್ರ ಬಂದರೆ ಕೆಲಸ ಮುಗಿಯಿತೆಂದುಕೊಳ್ಳಬಾರದು. ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಸೆಮಿನರಿ ಕೊಡುವುದು, ಓದಿನ ಮತ್ತು ಜೀವನದ ವೆಚ್ಚಕ್ಕೆ ಹಣವಿದೆ ಎಂದು ದಾಖಲೆ ತೋರಿಸಿದ ಮೇಲೆಯೇ. ಶುಲ್ಕ ಮನ್ನಾ ಸಿಕ್ಕಿದರೂ ಊಟ, ವಸತಿ, ಆರೋಗ್ಯ ವಿಮೆ ಉಳಿಯುತ್ತವೆ. ಆದ್ದರಿಂದ ವಿದ್ಯಾರ್ಥಿವೇತನದ ಪತ್ರ ಬಂದಾಗ ಅದರಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಸಾಲುಸಾಲಾಗಿ ನೋಡಿ. ನಿಮ್ಮ ಸಭೆಗೆ ಹೊರದೇಶದ ಸಭೆಗಳೊಡನೆ ಸಂಬಂಧವಿದ್ದರೆ ನೆರವು ಆ ದಾರಿಯಿಂದ ಬರುವ ಸಾಧ್ಯತೆಯಿದೆ. ಆದರೆ ಅಂಥ ನೆರವನ್ನು ಬಿಷಪ್ಪರ ಕಚೇರಿಯ ಮೂಲಕವೇ ಕೇಳಬೇಕಾಗುತ್ತದೆ.

ಪ್ರವೇಶ ಸಿಕ್ಕಿದ ಮೇಲೆ

ಸೀಟು ಖಚಿತವಾದ ದಿನದಿಂದ ತರಗತಿ ಆರಂಭವಾಗುವವರೆಗೆ ಸಿಗುವ ಒಂದೆರಡು ತಿಂಗಳನ್ನು ಬೀಳ್ಕೊಡುಗೆ ಕೂಟಗಳಲ್ಲಿ ಕಳೆಯಬೇಡಿ. ಸತ್ಯವೇದವನ್ನು ಆದಿಕಾಂಡದಿಂದ ಪ್ರಕಟನೆಯವರೆಗೆ ಕನ್ನಡದಲ್ಲಿ ಒಮ್ಮೆ ಪೂರ್ತಿ ಓದಿ ಮುಗಿಸಿ. ತರಗತಿ ಆರಂಭವಾದ ಮೇಲೆ ಅದರ ಬಗ್ಗೆ ಬರೆದದ್ದನ್ನು ಓದಲು ಸಮಯವಿರುತ್ತದೆ, ಅದನ್ನೇ ಓದಲು ಇರುವುದಿಲ್ಲ. ಗ್ರೀಕ್ ವರ್ಣಮಾಲೆಯ 24 ಅಕ್ಷರಗಳನ್ನೂ ಹೀಬ್ರೂವಿನ 22 ಅಕ್ಷರಗಳನ್ನೂ ಕೈಯಲ್ಲಿ ಬರೆದು ರೂಢಿಸಿಕೊಳ್ಳಿ. ಟೈಪಿಂಗ್ ಬಾರದವರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಲಿತುಕೊಳ್ಳಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜಿಗೆ ಒಪ್ಪಿಸುವ ಮೊದಲು ದೃಢೀಕರಿಸಿದ ಪ್ರತಿಗಳನ್ನು ಮಾಡಿಸಿ ಮನೆಯಲ್ಲಿಡಿ, ಮುಂದೆ ಎಂ.ಟಿಎಚ್.ಗೋ ವೀಸಾಕ್ಕೋ ಅವನ್ನು ಮತ್ತೆ ಕೇಳುತ್ತಾರೆ.